ಮನೆಮಾತಿಗೆ ಅಪ್ಪಣೆ

ಕಳೆದ ತಿಂಗಳು ಮಗಳನ್ನು ಹಲ್ಲಿನ ಡಾಕ್ಟರ ಬಳಿ ಬಿಟ್ಟು, ಸಿಡ್ನಿಯ ಸ್ಟ್ರಾತ್‌ಫೀಲ್ಡ್ ಸ್ಟೇಷನ್ನಿನ ಎದುರಿನ ಅಂಗಡಿಸಾಲಿನಲ್ಲಿ ಸುಮ್ಮನೆ ಅಡ್ಡಾಡುತ್ತಿದ್ದೆ. ಒಂದು ಕೊರಿಯನ್ ಹೋಟೆಲಿನ ಬಾಗಿಲು ತೆರೆದುಕೊಂಡಿತು. ಒಳಗಿನಿಂದ ಹುರಿದ ಬಾರ್ಲಿ ಕುದಿಯುವ ವಾಸನೆ ಬಂತು. ಅನ್ನದ ಪಾತ್ರೆ ತಳ ಹಿಡಿದಾಗ ಬರುತ್ತದಲ್ಲ, ಅಂಥದೇ, ಆದರೆ ಸ್ವಲ್ಪ ಸಿಹಿ. ನಾನು ನಿಂತಲ್ಲಿ ನಿಲ್ಲಲಾರದೆ ರಸ್ತೆ ದಾಟಿದೆ. ಆಚೆ ಬದಿಯಲ್ಲಿ ನನಗೇನೂ ಕೆಲಸವಿರಲಿಲ್ಲ, ಮತ್ತೆ ಈಚೆಗೇ ದಾಟಿ ಬಂದೆ. ಸಿಡ್ನಿಗೂ ಮೆಲ್ಬರ್ನಿಗೂ ನಡುವೆ ಲಾಳಿಯ ಹಾಗೆ ಓಡಾಡಿದ ಆ ಒಂದು ವರ್ಷ ಹಾಗೆಯೇ ಇತ್ತು. ಎಲ್ಲಿ ಹೋದರೂ ಇನ್ನೊಂದು ಬದಿಯಲ್ಲಿ ಇರಬೇಕಿತ್ತು ಎನ್ನಿಸುವ ವರ್ಷ.

ಆಗ ನಾನು ನಾರ್ವೆಸ್ಟ್‌ನ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಮನೆ ದಿ ಪಾಂಡ್ಸ್ ಎಂಬ ಬಡಾವಣೆಯಲ್ಲಿ. ಗಂಡ ರೋಷನ್ ಆಸ್ಪತ್ರೆಯಲ್ಲಿ ನರ್ಸ್. ಮಗಳು ಅನಿಕಾ ಹೈಸ್ಕೂಲಿನಲ್ಲಿದ್ದಳು, ನಾವು ಕೊಂಕಣಿಯಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಎಲ್ಲವೂ ಅದರದರ ಜಾಗದಲ್ಲಿತ್ತು. ನನ್ನ ಮನಸ್ಸು ಮಾತ್ರ ಇರಲಿಲ್ಲ.

ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಾಗ ನಮ್ಮ ಕಂಪನಿಗೆ ಜಪಾನಿನ ಗಿರಾಕಿಗಳಿದ್ದರು. ಅದಕ್ಕಾಗಿ ಜಪಾನಿ ಕಲಿತಿದ್ದೆ, ಕೆಲಸದ ಮೇಲೆ ಒಸಾಕಾದಲ್ಲೂ ಇದ್ದು ಬಂದಿದ್ದೆ. ಸಿಡ್ನಿಗೆ ಬಂದ ಮೇಲೆ ಆ ಭಾಷೆಗೆ ಬೇರೆ ಉಪಯೋಗವಿಲ್ಲದೆ ಕತೆ ಓದುವುದಕ್ಕೆ ಇಟ್ಟುಕೊಂಡೆ. ಮೆಟ್ರೋದಲ್ಲಿ ಆಫೀಸಿಗೆ ಹೋಗುವಾಗ, ಬರುವಾಗ ಓದುತ್ತಿದ್ದೆ. ಹಾಗೆ ಓದುತ್ತಿದ್ದಾಗಲೇ ಜಪಾನಿಯಲ್ಲಿ ಬರೆದ ಕೊರಿಯನ್ನರ ಹಳೆಯ ಕತೆಗಳು ಸಿಕ್ಕಿದವು. ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಆದರೂ ಪ್ರತಿ ವಾಕ್ಯ ಬೇರೆಯವರ ಮನೆಯ ಕುರ್ಚಿಯ ತುದಿಯಲ್ಲಿ ಕೂತ ಹಾಗಿತ್ತು. ಆ ಕೂರುವ ರೀತಿ ನನಗೆ ಗೊತ್ತಿತ್ತು. ನನ್ನ ಮನೆಮಾತು ಕೊಂಕಣಿ, ಓದಿದ್ದು ಬಂಟ್ವಾಳದ ಕಡೆಯ ಕನ್ನಡ ಶಾಲೆಯಲ್ಲಿ. ನಾನು ಬರೆದ ಪ್ರಬಂಧಗಳ ಅಂಚಿನಲ್ಲಿ ನಮ್ಮ ಮೇಷ್ಟ್ರು ಕೆಂಪು ಇಂಕಿನಲ್ಲಿ ‘ಇದು ಕೊಂಕಣಿ ಕನ್ನಡ’ ಎಂದು ಬರೆಯುತ್ತಿದ್ದರು.

ಮೆಲ್ಬರ್ನಿನ ಒಂದು ಯೂನಿವರ್ಸಿಟಿಯಲ್ಲಿ ಇಂಥ ಕತೆಗಳ ಮೇಲೇ ಕೆಲಸ ಮಾಡಿದ್ದ ಹೆಲೆನ್ ಎಂಬ ಪ್ರೊಫೆಸರ್ ನನ್ನನ್ನು ಅರೆಕಾಲಿಕ ಸಂಶೋಧನೆಗೆ ತೆಗೆದುಕೊಂಡರು. ತಿಂಗಳಿಗೊಮ್ಮೆ ಹೋಗಬೇಕು, ಮಿಕ್ಕಿದ್ದು ಮನೆಯಿಂದಲೇ.

ಪಕ್ಕದ ಬೀದಿಯಲ್ಲಿದ್ದ ಮೈಸೂರಿನ ಶೈಲಾ ಸುದ್ದಿ ಕೇಳಿ ಮನೆಗೇ ಬಂದಳು. “ಅಲ್ಲ ಲವೀನಾ, ಪಿಆರ್ ಆಯ್ತು, ಮನೆ ಆಯ್ತು, ಇಬ್ರಿಗೂ ಒಳ್ಳೆ ಜಾಬ್ ಇದೆ. ಈಗ ಕೊರಿಯಾ ಜಪಾನ್ ಅಂತ ಯಾಕೆ ತಲೆ ಕೆಡಿಸ್ಕೋತೀಯ? ಸುಮ್ನೆ ಇರೋಕಾಗಲ್ವಾ?”

“ಆಗ್ತಾ ಇಲ್ಲ ಶೈಲಾ. ಅದಕ್ಕೇ.”

“ಹಾಗಾದ್ರೆ ಬೆಳಿಗ್ಗೆ ನನ್ ಜೊತೆ ವಾಕಿಂಗ್ ಬಾ” ಎಂದಳು, ತುಂಬ ಗಂಭೀರವಾಗಿ.

ರೋಷನ್ ಹೆಚ್ಚು ಹೇಳಲಿಲ್ಲ. “ಹೋಗಿ ಬಾ. ಆದರೆ ಬಂದ ಮೇಲಾದರೂ ಮನೆಯಲ್ಲಿರು” ಎಂದು ಕೊಂಕಣಿಯಲ್ಲಿ ಹೇಳಿ ಡ್ಯೂಟಿಗೆ ಹೊರಟ. ಮನೆಯಲ್ಲಿದ್ದಾಗಲೂ ನಾನು ಮನೆಯಲ್ಲಿರುತ್ತಿರಲಿಲ್ಲ ಎಂದು ಅವನು ಗಮನಿಸಿದ್ದ.

ಮೊದಲ ಸಲ ಹೋದದ್ದು ಮಾರ್ಚ್ ಕೊನೆಯಲ್ಲಿ. ಸಿಡ್ನಿಯಲ್ಲಿ ಹತ್ತಿ ಬಟ್ಟೆ ಸಾಕಾಗಿತ್ತು. ಮೆಲ್ಬರ್ನಿನಲ್ಲಿ ಇಳಿದರೆ ಕಿವಿಯೊಳಗೆ ನುಗ್ಗುವ ಗಾಳಿ. ಹೆಲೆನ್ ಅರವತ್ತು ದಾಟಿದವರು, ಎಳೆಯ ವಯಸ್ಸಿನಲ್ಲಿ ಕ್ಯೋಟೋದಲ್ಲಿದ್ದು ಜಪಾನಿ ಕತೆಗಳನ್ನು ಪ್ರೀತಿಸಲು ಕಲಿತವರು. ಆ ಪ್ರೀತಿ ಅವರ ಮಾತಿನಲ್ಲಿ ಕಾಣುತ್ತಿತ್ತು. ಅವರ ಕೋಣೆಯಲ್ಲಿ ನನಗಿಂತ ಮುಂಚೆ ಬಂದು ಕೂತಿದ್ದವಳು ಮಿನ್‌ಜಿ. ಮೂವತ್ತರ ಆಸುಪಾಸಿನ ಹುಡುಗಿ, ಸ್ಟ್ರಾತ್‌ಫೀಲ್ಡಿನಲ್ಲಿ ಹುಟ್ಟಿ ಬೆಳೆದ ಕೊರಿಯನ್ನಳು, ಪಿಎಚ್‌ಡಿಗಾಗಿ ಮೆಲ್ಬರ್ನಿಗೆ ಬಂದಿದ್ದಳು. ಅವಳು ಕೊರಿಯನ್ ಚೆನ್ನಾಗಿ ಓದುತ್ತಿದ್ದಳು, ಜಪಾನಿ ಅಷ್ಟಕ್ಕಷ್ಟೆ. ನನಗೆ ಕೊರಿಯನ್ ಒಂದಕ್ಷರವೂ ಬಾರದು. “ನೀವಿಬ್ಬರೂ ಸೇರಿದರೆ ಒಬ್ಬ ಪೂರ್ತಿ ಓದುಗರಾಗುತ್ತೀರಿ” ಎಂದು ಹೆಲೆನ್ ನಮ್ಮಿಬ್ಬರನ್ನು ಜೋಡಿ ಮಾಡಿದರು.

ನಾವು ಓದುತ್ತಿದ್ದುದು ಏನು ಎಂದು ಹೇಳಬೇಕು. ಕೊರಿಯಾ ಮೂವತ್ತೈದು ವರ್ಷ ಜಪಾನಿನ ಆಳ್ವಿಕೆಯಲ್ಲಿತ್ತು. ಓದಬೇಕೆಂದಿದ್ದ ತರುಣರು ಟೋಕಿಯೊಗೆ ಹೋದರು. ರಷ್ಯದ ಕಾದಂಬರಿಯಾಗಲಿ ಫ್ರಾನ್ಸಿನದಾಗಲಿ ಅವರಿಗೆ ಸಿಕ್ಕಿದ್ದು ಜಪಾನಿ ಅನುವಾದದಲ್ಲೇ. ಊರಿಗೆ ಮರಳಿ ಬಂದು ಅವರು ತಮ್ಮ ಭಾಷೆಯಲ್ಲಿ ಹೊಸ ಬಗೆಯ ಕತೆ ಬರೆದರು. ‘ಅವನು’ ಎಂದು ದೂರ ನಿಂತು ಹೇಳುವ ಕ್ರಮ, ವಾಕ್ಯವನ್ನು ಭೂತಕಾಲದಲ್ಲಿ ಕಟ್ಟಿ ಮುಗಿಸುವ ಕ್ರಮ, ಒಬ್ಬ ತರುಣ ಕೋಣೆಯಲ್ಲಿ ಕುಳಿತು ತನ್ನ ನಾಚಿಕೆಯನ್ನೆಲ್ಲ ಬಿಚ್ಚಿಡುವ ಕತೆ, ಇವೆಲ್ಲ ಅವರು ಅಲ್ಲಿ ಓದಿ ಕಲಿತದ್ದು. ಕೆಲವರು ಮೊದಲು ತಲೆಯೊಳಗೆ ಜಪಾನಿಯಲ್ಲಿ ವಾಕ್ಯ ಕಟ್ಟಿಕೊಂಡು ಆಮೇಲೆ ಕೊರಿಯನ್ನಿನಲ್ಲಿ ಬರೆಯುತ್ತಿದ್ದರಂತೆ. ಕೊನೆಕೊನೆಗೆ ಕೊರಿಯನ್ನಿನಲ್ಲಿ ಬರೆಯುವುದಕ್ಕೇ ಜಾಗ ಉಳಿಯಲಿಲ್ಲ. ಶಾಲೆಯಲ್ಲಿ ಜಪಾನಿಯೇ ‘ಕೊಕುಗೊ’, ಅಂದರೆ ರಾಷ್ಟ್ರಭಾಷೆ. ಜನ ತಮ್ಮ ಹೆಸರುಗಳನ್ನೂ ಬದಲಿಸಿಕೊಳ್ಳಬೇಕಾಯಿತು.

ಆ ವರ್ಷವಿಡೀ ನಮ್ಮ ಮುಂದಿದ್ದದ್ದು ಹೆಚ್ಚು ಹೆಸರು ಮಾಡದ ಒಬ್ಬನು ಕೊರಿಯನ್ನಿನಲ್ಲಿ ಬರೆದ ಒಂದು ಸಣ್ಣ ಕತೆ, ಮಿನ್‌ಜಿ ನನಗೆ ಓದಿ ಹೇಳಿದ್ದು. ಟೋಕಿಯೊದಲ್ಲಿ ಓದಿ ಬಂದ ತರುಣನೊಬ್ಬ ಊರಿನ ಶಾಲೆಯಲ್ಲಿ ಮೇಷ್ಟ್ರಾಗುತ್ತಾನೆ. ಚಳಿಗಾಲದ ಒಂದು ಸಂಜೆ ತಾಯಿ ಅವನನ್ನು ಏನೋ ಕೇಳುತ್ತಾಳೆ. ಅವನು ಉತ್ತರ ಕೊಡುತ್ತಾನೆ. ಕೊಟ್ಟ ಮೇಲೆ, ತಾನು ತಾಯಿಯ ಮಾತನ್ನು ಮನಸ್ಸಿನಲ್ಲಿ ಜಪಾನಿಗೆ ತಿರುಗಿಸಿಕೊಂಡು ಉತ್ತರ ಹುಡುಕಿದೆ ಎಂದು ಅವನಿಗೆ ತಿಳಿಯುತ್ತದೆ. ಎದ್ದು ಹೊರಗೆ ಹೋಗಿ ಹಿಮದಲ್ಲಿ ನಿಲ್ಲುತ್ತಾನೆ. ಅಷ್ಟೇ ಕತೆ.

“ಇದರ ಎಲುಬೆಲ್ಲ ಜಪಾನಿನದು” ಎಂದರು ಹೆಲೆನ್. “ಒಬ್ಬ ಗಂಡಸು, ಒಂದು ಕೋಣೆ, ಒಂದು ನಾಚಿಕೆ. ಪ್ರಭಾವ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?”

“ಪ್ರಭಾವ ಅಂದರೆ ನೀರು ತಾನಾಗಿ ಹರಿದು ಬಂದ ಹಾಗೆ ಕೇಳಿಸುತ್ತದೆ” ಎಂದಳು ಮಿನ್‌ಜಿ. “ಬಾಗಿಲು ಒಡೆದು ಬಂದದ್ದಕ್ಕೆ ಬೇರೆ ಪದ ಇಲ್ಲವೆ?”

“ಬಾಗಿಲು ಒಡೆದವರು ಪೊಲೀಸರು. ಪುಸ್ತಕಗಳಲ್ಲ.”

“ಎರಡೂ ಒಂದೇ ಹಡಗಿನಲ್ಲಿ ಬಂದವು.”

ಇಬ್ಬರೂ ನನ್ನ ಕಡೆ ನೋಡಿದರು. ನನಗೆ ಯಾರು ಕೊನೆಗೆ ಮಾತಾಡಿದರೋ ಅವರದೇ ಸರಿ ಎನ್ನಿಸುತ್ತಿತ್ತು. ಟ್ರಾಮಿಗೆ ಕಾಯುವಾಗ ಮಿನ್‌ಜಿ ಕೇಳಿದಳು: “ನೀವು ಯಾಕೆ ಏನೂ ಹೇಳಲ್ಲ?” ಯೋಚಿಸುತ್ತಿದ್ದೇನೆ ಎಂದೆ. “ಯಾವ ಭಾಷೆಯಲ್ಲಿ?” ಎಂದು ನಕ್ಕಳು. ಆ ನಗು ನನ್ನ ಜೊತೆ ವಿಮಾನ ಹತ್ತಿತು. ಏಪ್ರಿಲ್, ಮೇ, ಜೂನ್ ಹೀಗೇ ಕಳೆದವು. ಆಫೀಸಿನ ಮೀಟಿಂಗಿನಲ್ಲಿ ಕೂತು ಕತೆಯ ಬಗ್ಗೆ ಯೋಚಿಸುತ್ತಿದ್ದೆ, ಹೆಲೆನ್ ಕೋಣೆಯಲ್ಲಿ ಕೂತು ಅನಿಕಾಳ ಪರೀಕ್ಷೆಯ ಬಗ್ಗೆ. ಓದಿದಷ್ಟೂ ನಾನು ಏನು ಬರೆಯಬೇಕೆಂಬುದು ದೂರ ಹೋಗುತ್ತಿತ್ತು.

ಜುಲೈಯಲ್ಲಿ ಮಿನ್‌ಜಿ ಫೋನ್ ಮಾಡಿದಳು. ಸ್ಟ್ರಾತ್‌ಫೀಲ್ಡಿನ ಮನೆಯಲ್ಲಿ ಅವಳ ಅಪ್ಪ ಮತ್ತು ಅಪ್ಪನ ತಾಯಿ ಇಬ್ಬರೇ ಇದ್ದರು. ಅಜ್ಜಿಯನ್ನು ಅವಳು ‘ಹಲ್ಮೊನಿ’ ಎನ್ನುತ್ತಿದ್ದಳು, ಕೊರಿಯನ್ನಿನಲ್ಲಿ ಅಜ್ಜಿಗೆ ಅದೇ ಪದ. ತೊಂಬತ್ತು ದಾಟಿದ್ದ ಹಲ್ಮೊನಿಗೆ ಎರಡು ವರ್ಷದಿಂದ ಮರೆವಿನ ಕಾಯಿಲೆ.

“ಈಗ ಅಜ್ಜಿಯ ಮಾತು ಯಾರಿಗೂ ಅರ್ಥ ಆಗ್ತಿಲ್ಲ” ಎಂದಳು. “ಅಪ್ಪ ಅದು ಬರೀ ಶಬ್ದ ಅಂತಾರೆ. ನನಗೆ ಜಪಾನಿ ಅನ್ನಿಸ್ತಿದೆ. ಆದರೆ ನನ್ನ ಜಪಾನಿ ಓದೋದಕ್ಕೆ ಮಾತ್ರ, ಫೋನಿನಲ್ಲಿ ಹಿಡಿಯೋಕೆ ಆಗ್ತಿಲ್ಲ. ನೀವು ಸಿಡ್ನಿಯಲ್ಲೇ ಇದ್ದೀರಲ್ಲ, ಒಮ್ಮೆ ಹೋಗಿ ಬರ್ತೀರಾ?”

ಭಾನುವಾರ ಪೂಜೆ ಮುಗಿಸಿ ಚರ್ಚಿನಿಂದ ನೇರ ಅಲ್ಲಿಗೆ ಹೋದೆ. ಇಟ್ಟಿಗೆಯ ಹಳೆಯ ಮನೆ, ಅಂಗಳದಲ್ಲಿ ಎಲೆಯುದುರಿದ ಪರ್ಸಿಮನ್ ಮರ. ಮಿನ್‌ಜಿಯ ಅಪ್ಪ, ಮಿಸ್ಟರ್ ಹಾನ್, ಬಹಳ ಕಾಲ ಬಟ್ಟೆ ಡ್ರೈಕ್ಲೀನ್ ಮಾಡುವ ಅಂಗಡಿ ನಡೆಸಿ ನಿವೃತ್ತರಾದವರು. ದೊಡ್ಡ ಲೋಟದಲ್ಲಿ ಬಿಸಿ ಬಾರ್ಲಿ ನೀರು ತಂದಿಟ್ಟು, ನಿಂತುಕೊಂಡೇ ಹೇಳಿದರು: “ನನ್ನ ದೊಡ್ಡಪ್ಪನನ್ನು ಜಪಾನಿನವರು ಕಲ್ಲಿದ್ದಲ ಗಣಿಗೆ ಎಳೆದುಕೊಂಡು ಹೋದರು. ವಾಪಸು ಬರಲಿಲ್ಲ. ಈ ಮನೆಯಲ್ಲಿ ಆ ಭಾಷೆ ಯಾರೂ ಆಡಿಲ್ಲ. ನನ್ನ ತಾಯಿಯೂ ಆಡಿಲ್ಲ. ಮಗಳು ಹೇಳಿದಳು ಅಂತ ನಿಮ್ಮನ್ನು ಕರೆದೆ. ಕೇಳಿ, ಹೋಗಿ.”

ಹಲ್ಮೊನಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬೆನ್ನು ನೆಟ್ಟಗಿಟ್ಟು, ಎರಡೂ ಕೈ ಮಂಡಿಯ ಮೇಲಿಟ್ಟು ಕೂತಿದ್ದರು. ನಾನು ಒಳಗೆ ಬಂದದ್ದೇ ಕುರ್ಚಿಯ ಕೈ ಹಿಡಿದು ಕಷ್ಟಪಟ್ಟು ಎದ್ದರು. ಸೊಂಟದಿಂದ ಬಾಗಿ, ಮಕ್ಕಳು ತರಗತಿಯಲ್ಲಿ ರಾಗವೆಳೆಯುತ್ತ ಹೇಳುವ ಹಾಗೆ, ಜಪಾನಿಯಲ್ಲಿ “ನಮಸ್ತೆ ಟೀಚರ್” ಎಂದರು. ಚರ್ಚಿಗೆ ಹಾಕಿಕೊಂಡಿದ್ದ ನನ್ನ ಗಾಢ ನೀಲಿ ಕೋಟೋ ಏನೋ ಅವರಿಗೆ ಯಾರನ್ನೋ ನೆನಪಿಸಿರಬೇಕು. ನಾನೂ ಒಸಾಕಾದ ಅಭ್ಯಾಸಬಲದಿಂದ ಬಾಗಿ, ಜಪಾನಿಯಲ್ಲೇ “ನಮಸ್ತೆ, ಕೂತ್ಕೊಳ್ಳಿ” ಎಂದುಬಿಟ್ಟೆ.

ಅವರ ಮುಖ ಅರಳಿತು. ಕೂತರು. ಯೋಶಿಕೊ ಎಂದು ತಮ್ಮ ಹೆಸರು ಹೇಳಿದರು. ಪುಸ್ತಕವಿಲ್ಲದೆ ಒಂದು ಪಾಠ ಒಪ್ಪಿಸಿದರು, ವಸಂತ ಬಂತು ಹೂ ಬಂತು ಎಂಬಂಥದು. ಹತ್ತು ವರ್ಷದ ಮಗುವಿನ ಜಪಾನಿ ಅದು. ಶುದ್ಧವಾಗಿತ್ತು, ವಿನಯವಾಗಿತ್ತು, ದೊಡ್ಡವರ ಬದುಕಿಗೆ ಬೇಕಾದ ಒಂದು ಪದವೂ ಅದರಲ್ಲಿರಲಿಲ್ಲ.

“ಏನೋ ಹೆಸರು ಹೇಳಿದಳಲ್ಲ, ಏನದು?” ಬಾಗಿಲ ಬಳಿ ನಿಂತಿದ್ದ ಮಿಸ್ಟರ್ ಹಾನ್ ಕೇಳಿದರು.

ಹೇಳಿದೆ. ಆ ಹೆಸರನ್ನು ಅವರು ಜೀವಮಾನದಲ್ಲಿ ಕೇಳಿರಲಿಲ್ಲ. ಹೋಗಿ ಟಿವಿ ಹಾಕಿ ದನಿ ಜೋರು ಮಾಡಿದರು.

ಡಾಕ್ಟರು ಇಂಥದ್ದು ಆಗುವುದುಂಟು ಎಂದರಂತೆ. ಈಚಿನದೆಲ್ಲ ಕಳಚಿ ಹೋಗುತ್ತದೆ, ಬಾಲ್ಯದ ಯಾವುದೋ ಒಂದು ಕೋಣೆ ಉಳಿಯುತ್ತದೆ. ಹಲ್ಮೊನಿಗೆ ಉಳಿದದ್ದು ತರಗತಿ. ಮುಂದಿನ ವಾರ ಮಿನ್‌ಜಿ ಮೆಲ್ಬರ್ನಿನಿಂದ ಬಂದಳು. ಅಜ್ಜಿಯ ಕಾಲ ಬಳಿ ನೆಲದ ಮೇಲೆ ಕೂತಳು. ನಾನು ಒಂದೊಂದೇ ವಾಕ್ಯ ಅನುವಾದಿಸುತ್ತ ಹೋದೆ.

“ಖುಷಿಯಾಗಿದ್ದಾಳಾ?” ಎಂದಳು ಮಿನ್‌ಜಿ, ನಂಬಲಾರದವಳ ಹಾಗೆ.

“ಹೌದು.”

“ಸರಿಯಾಗಿ ಕೇಳಿಸಿಕೊಳ್ಳಿ.”

“ಮಿನ್‌ಜಿ, ಗಟ್ಟಿಯಾಗಿ ಓದುವುದರಲ್ಲಿ ತರಗತಿಗೇ ಮೊದಲಂತೆ. ಆರ್ಗನ್ ನುಡಿಸುವ ಟೀಚರ್ ಅಂದರೆ ತುಂಬ ಇಷ್ಟವಂತೆ. ನಾಳೆಯೂ ಶಾಲೆ ಇದೆಯಾ ಅಂತ ಕೇಳ್ತಿದ್ದಾರೆ.”

ಅವಳು ಎದ್ದು ಅಡುಗೆಮನೆಗೆ ಹೋದಳು. ನಲ್ಲಿಯ ನೀರು ಹರಿಯುವ ಸದ್ದು ಬಹಳ ಹೊತ್ತು ಕೇಳಿಸಿತು. ತನ್ನ ಪ್ರಬಂಧದಲ್ಲಿ ಅವಳು ಆ ಶಾಲೆಗಳನ್ನು ಗಾಯ ಎಂದು ಕರೆದಿದ್ದಳು. ಗಾಯ ನಗುತ್ತ ಪಾಠ ಒಪ್ಪಿಸುತ್ತಿತ್ತು.

ತಿರುವು ಬಂದದ್ದು ಆಗಸ್ಟಿನಲ್ಲಿ. ಆ ಭಾನುವಾರ ಮಿನ್‌ಜಿ ಇರಲಿಲ್ಲ. ಹಲ್ಮೊನಿಯ ಎದುರು ನಾನು ಕೂತಿದ್ದಾಗ ಮಿಸ್ಟರ್ ಹಾನ್ ಮಾತ್ರೆ, ನೀರು ಇಟ್ಟುಕೊಂಡ ತಟ್ಟೆ ಹಿಡಿದು ಒಳಗೆ ಬಂದರು. ಕೊರಿಯನ್ನಿನಲ್ಲಿ ಏನೋ ಮೆಲ್ಲಗೆ ಹೇಳಿದರು. ಹಲ್ಮೊನಿ ಗಾಬರಿಯಾಗಿ ಹಿಂದಕ್ಕೆ ಸರಿದರು. ತುಟಿ ತೆರೆದು, ಮತ್ತೆ ಬಿಗಿಯಾಗಿ ಮುಚ್ಚಿಕೊಂಡು ನನ್ನ ಕಡೆ ತಿರುಗಿದರು.

“ಟೀಚರ್” ಎಂದರು ಜಪಾನಿಯಲ್ಲಿ, “ಇವರು ನಮ್ಮ ಮನೆಯಿಂದ ಬಂದಿದ್ದಾರೆ. ಇವರಿಗೆ ಕೊಕುಗೊ ಬರುವುದಿಲ್ಲ. ಮನೆಯ ಮಾತಿನಲ್ಲಿ ಸ್ವಲ್ಪವೇ ಸ್ವಲ್ಪ ಮಾತಾಡಬಹುದೇ?”

“ಏನು? ಏನಂದಳು?” ಎಂದರು ಮಿಸ್ಟರ್ ಹಾನ್. ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ.

ಕನ್ನಡ ಶಾಲೆ ಮುಗಿಸಿ ನಾನು ಸೇರಿದ ಇಂಗ್ಲಿಷ್ ಹೈಸ್ಕೂಲಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದವರ ಹೆಸರನ್ನು ಕರಿಹಲಗೆಯ ಮೂಲೆಯಲ್ಲಿ ಬರೆಯುತ್ತಿದ್ದರು. ಅಷ್ಟೇ, ಇನ್ನೇನೂ ಮಾಡುತ್ತಿರಲಿಲ್ಲ. ಆದರೂ ಆ ಮೂಲೆಯ ಕಡೆ ನೋಡದೆ ನಾನು ಯಾವತ್ತೂ ಬಾಯಿ ತೆರೆದವಳಲ್ಲ. ಈಗ ಹಲ್ಮೊನಿ ನನ್ನ ಮುಖವನ್ನೇ ಆ ಮೂಲೆಯ ಹಾಗೆ ನೋಡುತ್ತಿದ್ದರು.

“ಆಗಲಿ” ಎಂದೆ ಜಪಾನಿಯಲ್ಲಿ, ದನಿ ಗಟ್ಟಿ ಮಾಡಿಕೊಂಡು. “ಎಷ್ಟು ಬೇಕಾದರೂ ಮಾತಾಡು.”

ಅವರು ಮಗನ ಕಡೆ ತಿರುಗಿದರು, ಕೊರಿಯನ್ನಿನಲ್ಲಿ ಮಾತಾಡತೊಡಗಿದರು. ಮೊದಲು ಒಂದೊಂದೇ ಪದ, ಆಮೇಲೆ ಒಟ್ಟೊಟ್ಟಿಗೆ. ಮಿಸ್ಟರ್ ಹಾನ್ ತಟ್ಟೆಯನ್ನು ಪಕ್ಕಕ್ಕಿಟ್ಟು ನೆಲದ ಮೇಲೆ ಕೂತುಬಿಟ್ಟರು. ತಾಯಿ ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತ, ನಡುನಡುವೆ ಕಣ್ಣೊರೆಸಿಕೊಳ್ಳುತ್ತ, ಉತ್ತರ ಕೊಟ್ಟರು. ನಾನು ಕದಲದೆ ಕೂತಿದ್ದೆ. ನಾನು ಎದ್ದು ಹೋದರೆ ಅಪ್ಪಣೆಯೂ ಎದ್ದು ಹೋದೀತು ಎಂಬ ಭಯ.

ಗೇಟಿನ ತನಕ ಬಂದು ಮಿಸ್ಟರ್ ಹಾನ್ ಕೇಳಿದರು: “ಬರುವ ಭಾನುವಾರವೂ ಬರ್ತೀರಾ?” ಅವರ ಕಣ್ಣು ನನ್ನನ್ನು ನೋಡುತ್ತಿರಲಿಲ್ಲ, ಪರ್ಸಿಮನ್ ಮರವನ್ನು ನೋಡುತ್ತಿತ್ತು. ಆ ಮನೆಯಲ್ಲಿ ಬೇಡವಾಗಿದ್ದ ಭಾಷೆ ಈಗ ಅವರಿಗೇ ಬೇಕಾಗಿತ್ತು.

ಹೀಗೆ ಪ್ರತಿ ಭಾನುವಾರ ಚರ್ಚು, ಆಮೇಲೆ ತರಗತಿ. ನೀಲಿ ಕೋಟು ಹಾಕಿಕೊಂಡು ಹೋಗುವುದು, ಪಾಠ ಕೇಳುವುದು, ಶಭಾಷ್ ಅನ್ನುವುದು, ಅಪ್ಪಣೆ ಕೊಡುವುದು. “ಮಮ್, ಶೀ ಈಸ್ ನಾಟ್ ಈವನ್ ಯುವರ್ ಗ್ರಾನ್ಮಾ” ಎಂದಳು ಅನಿಕಾ ಒಂದು ದಿನ, ಅವಳ ಬ್ಯಾಸ್ಕೆಟ್‌ಬಾಲ್ ಆಟ ತಪ್ಪಿಸಿಕೊಂಡು ನಾನು ಹೊರಟಾಗ. ರೋಷನ್ ಅವಳನ್ನು ಕರೆದುಕೊಂಡು ಹೋದ, ನನ್ನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ನನಗೂ ನೆಮ್ಮದಿಯಿರಲಿಲ್ಲ. ಯಾರ ಕುರ್ಚಿಯಲ್ಲಿ ಕೂತು ನಾನು ಅಪ್ಪಣೆ ಕೊಡುತ್ತಿದ್ದೆ? ಅಪ್ಪಣೆ ಕೊಟ್ಟಾಗಲೆಲ್ಲ ಅಪ್ಪಣೆ ಬೇಕು ಎಂಬುದನ್ನು ಗಟ್ಟಿ ಮಾಡುತ್ತಿದ್ದೆನಲ್ಲವೆ?

ಮಿನ್‌ಜಿಯೂ ಅದನ್ನೇ ಫೋನಿನಲ್ಲಿ ಕೇಳಿದಳು. “ಅವಳಿಗೆ ನಿಜ ಹೇಳಿ. ಯುದ್ಧ ಮುಗೀತು ಅಂತ ಹೇಳಿ. ಆ ಶಾಲೆ ಇಲ್ಲ, ಆ ಟೀಚರ್ ಇಲ್ಲ, ಯಾರನ್ನೂ ಕೇಳಬೇಕಾಗಿಲ್ಲ ಅಂತ ಹೇಳಿ. ನನ್ನಜ್ಜಿ ತನ್ನ ಮಗನ ಹತ್ತಿರ ಮಾತಾಡೋಕೆ ಕೈಮುಗಿದು ಕೇಳೋದು ನನ್ನಿಂದ ನೋಡೋಕೆ ಆಗಲ್ಲ.”

ಅವಳ ಮಾತು ಸರಿ ಎನ್ನಿಸಿತು. ಮುಂದಿನ ಭಾನುವಾರ ಹಾಗೆಯೇ ಹೇಳಿದೆ. ಆದಷ್ಟು ಮೃದುವಾಗಿ, ಮಗುವಿಗೆ ಅರ್ಥವಾಗುವ ಪದಗಳಲ್ಲಿ: ಯುದ್ಧ ಮುಗಿದಿದೆ, ಶಾಲೆ ಮುಚ್ಚಿದೆ, ಇನ್ನು ಮೇಲೆ ಯಾವ ಮಾತು ಬೇಕಾದರೂ ಆಡಬಹುದು.

ಹಲ್ಮೊನಿ ನನ್ನನ್ನೇ ನೋಡಿದರು. “ಟೀಚರ್ ಎಲ್ಲಿ ಹೋದರು?” ಎಂದರು. “ನಾನು ಯಾರ ಜೊತೆ ಮನೆಗೆ ಹೋಗಲಿ?” ಅಳು ಶುರುವಾಯಿತು. ಮಿಸ್ಟರ್ ಹಾನ್ ಕೈ ಹಿಡಿದರೆ ಕೊಸರಿಕೊಂಡರು, ನಾನು ಹಿಡಿದರೂ ಕೊಸರಿಕೊಂಡರು. ಆ ದಿನ ಅವರು ಕೊರಿಯನ್ನನ್ನೂ ಆಡಲಿಲ್ಲ, ಜಪಾನಿಯನ್ನೂ ಆಡಲಿಲ್ಲ. ಬೆಳಗಿನ ವಿಮಾನ ಹಿಡಿದು ಬಂದಿದ್ದ ಮಿನ್‌ಜಿ ಮಧ್ಯಾಹ್ನ ಮನೆಯೊಳಗೆ ಕಾಲಿಟ್ಟಾಗ ನೋಡಿದ್ದು ಅದನ್ನು: ಕುರ್ಚಿಯಲ್ಲಿ ಮುದುಡಿಕೊಂಡ ಅಜ್ಜಿ, ಗೋಡೆಗೆ ಒರಗಿ ನಿಂತ ಅಪ್ಪ, ಏನು ಮಾಡಬೇಕೆಂದು ತಿಳಿಯದ ನಾನು. ಅವಳು ಬ್ಯಾಗು ಕೆಳಗಿಡದೆ ಹೇಳಿದಳು: “ಟೀಚರನ್ನು ವಾಪಸು ಕರೆಸಿ.”

ನಾನು ಹೊರಗೆ ಹೋಗಿ, ಕೋಟಿನ ಗುಂಡಿ ಹಾಕಿಕೊಂಡು, ಹೊಸದಾಗಿ ಒಳಗೆ ಬಂದು ನಮಸ್ತೆ ಎಂದೆ. ಹಲ್ಮೊನಿ ತಲೆಯೆತ್ತಿದರು.

ಸೆಮಿನಾರ್ ಇದ್ದದ್ದು ಅಕ್ಟೋಬರಿನಲ್ಲಿ. ಮೆಲ್ಬರ್ನಿನ ಬೀದಿಮರಗಳ ನವಿರು ಗಾಳಿಯಲ್ಲಿ ಹಾರಿ ಎಲ್ಲರೂ ಸೀನುತ್ತಿದ್ದ ಕಾಲ. ಮಿನ್‌ಜಿ ವಿಭಾಗದ ಎದುರು ತನ್ನ ವಾದ ಮಂಡಿಸಬೇಕಿತ್ತು. ಅವಳ ಪ್ರಬಂಧ ಮುಂದಕ್ಕೆ ಹೋಗುವುದು ಬಿಡುವುದು ಅದರ ಮೇಲೇ ನಿಂತಿತ್ತು. ಅಜ್ಜಿಯ ಕತೆಯನ್ನು ಅವಳು ಹೇಳಿಯೇ ಹೇಳುತ್ತಾಳೆ ಎಂದುಕೊಂಡಿದ್ದೆ. ಹೇಳಿದರೆ ಕೋಣೆಯೇ ಸ್ತಬ್ಧವಾಗುತ್ತಿತ್ತು. ಅವಳು ಹೇಳಲಿಲ್ಲ. ಅದೇ ಮೇಷ್ಟ್ರ ಕತೆಯನ್ನು ತೆಗೆದುಕೊಂಡಳು.

“ಕತೆ ಹೇಳುವವನ ವಾಕ್ಯಗಳನ್ನು ನೋಡಿ” ಎಂದಳು. “ಎಲ್ಲ ಟೋಕಿಯೊದಲ್ಲಿ ಕಲಿತ ಹಾಗೇ ಮುಗಿಯುತ್ತವೆ. ಅದನ್ನು ನಾನು ಒಪ್ಪುತ್ತೇನೆ, ಇಷ್ಟು ದಿನ ಒಪ್ಪಿರಲಿಲ್ಲ. ಈಗ ತಾಯಿಯ ಮಾತು ನೋಡಿ. ಅವಳ ಒಂದು ವಾಕ್ಯವೂ ಹಾಗೆ ಮುಗಿಯುವುದಿಲ್ಲ. ಅರ್ಧಕ್ಕೆ ನಿಲ್ಲುತ್ತದೆ, ಹಿಂದುಮುಂದಾಗುತ್ತದೆ, ಅವಳ ಊರಿನ ಪದಗಳು ಹಾಗೇ ಬರುತ್ತವೆ. ಅವನು ಅದನ್ನು ತಿದ್ದಲಿಲ್ಲ. ಕತೆ ಹೇಳುವ ರೀತಿಯನ್ನು ಎರವಲು ತಂದ, ತಾಯಿಯ ದನಿಯನ್ನು ಯಾರಿಂದಲೂ ತರಲಿಲ್ಲ. ನಾವು ಪ್ರಭಾವ ಎಷ್ಟು ಎಂದು ಅಳೆಯುವುದರ ಬದಲು ಅದು ಎಲ್ಲಿ ನಿಂತಿತು ಎಂದು ಕೇಳಬೇಕು.”

ಹೆಲೆನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಚೆನ್ನಾಗಿದೆ. ಆದರೆ ಒಂದು ಮಾತು. ತಾಯಿಯ ದನಿ ಅಷ್ಟು ಸ್ಪಷ್ಟವಾಗಿ ಅವನಿಗೆ ಕೇಳಿಸಿದ್ದು ಹೇಗೆ? ದೂರ ಹೋಗಿ ಬಂದಿದ್ದಕ್ಕೆ. ಆ ಎರವಲಿನ ವಾಕ್ಯವೇ ಅವನಿಗೆ ಆ ದೂರ ಕೊಟ್ಟಿತು. ಅದಿಲ್ಲದಿದ್ದರೆ ಅವನು ಅವಳ ಮಾತನ್ನು ಬರೆಯುತ್ತಿರಲಿಲ್ಲ, ಸುಮ್ಮನೆ ಉತ್ತರ ಕೊಡುತ್ತಿದ್ದ.”

ಮಿನ್‌ಜಿ, “ಸುಮ್ಮನೆ ಉತ್ತರ ಕೊಟ್ಟಿದ್ದರೆ ಅವನಿಗೆ ಒಳ್ಳೆಯದಿತ್ತು” ಎಂದಳು. “ಕತೆಗೆ ಒಳ್ಳೆಯದಿರಲಿಲ್ಲ ಅಷ್ಟೆ.” ಹೆಲೆನ್ ತಲೆಯಾಡಿಸಿದರು. ಇಬ್ಬರಲ್ಲಿ ಯಾರೂ ಗೆದ್ದ ಹಾಗೆ ನನಗೆ ಕಾಣಲಿಲ್ಲ. ಯಾರೂ ಸೋತ ಹಾಗೂ ಕಾಣಲಿಲ್ಲ. ಪ್ರಬಂಧ ಮುಂದಕ್ಕೆ ಹೋಯಿತು, ಈಗ ಮುಗಿದೂ ಇದೆ. ನನ್ನದು ಇನ್ನೂ ನಡೆಯುತ್ತಿದೆ, ಕುಂಟುತ್ತ.

ಹೊರಗೆ ಬಂದ ಮೇಲೆ ಅಜ್ಜಿಯ ವಿಷಯ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ದರೆ ಅವಳು ಉದಾಹರಣೆ ಆಗ್ತಿದ್ದಳು” ಎಂದಳು, ಸೀನುತ್ತ.

ನವೆಂಬರಿನಲ್ಲಿ ಹಲ್ಮೊನಿಯ ಮಾತು ಕಡಿಮೆಯಾಯಿತು. ಪಾಠ ಅರ್ಧಕ್ಕೆ ನಿಲ್ಲುತ್ತಿತ್ತು. ಡಿಸೆಂಬರಿನ ಒಂದು ಭಾನುವಾರ ಸಿಡ್ನಿ ಒಲೆಯ ಹಾಗೆ ಕಾಯುತ್ತಿದ್ದಾಗ, ಆ ಸೆಕೆಯಲ್ಲೂ ಕೋಟು ಹಾಕಿಕೊಂಡು ಹೋದೆ. ನಾನು ನಮಸ್ತೆ ಎಂದೆ. ಅವರು ಏಳಲಿಲ್ಲ, ಬಾಗಲಿಲ್ಲ. ಪಕ್ಕದ ಸ್ಟೂಲನ್ನು ಕೈಯಿಂದ ತಟ್ಟಿದರು. ನಾನು ಕೂತೆ. ಅವರು ನನ್ನ ಕೋಟಿನ ತೋಳು ಹಿಡಿದು ಎಳೆದು, ತೆಗೆ ತೆಗೆ ಎಂಬಂತೆ ಸನ್ನೆ ಮಾಡಿದರು. ತೆಗೆದೆ. ಆಮೇಲೆ ಅವರು ಮಾತು ಶುರು ಮಾಡಿದರು, ಕೊರಿಯನ್ನಿನಲ್ಲಿ, ನನ್ನ ಹತ್ತಿರ. ಅಪ್ಪಣೆ ಕೇಳಲಿಲ್ಲ. ಬಹಳ ದಿನದ ಮೇಲೆ ಸಿಕ್ಕ ಪಕ್ಕದ ಮನೆಯವಳ ಹತ್ತಿರ ಹೇಳುವ ಹಾಗೆ ಏನೇನೋ ಹೇಳಿದರು, ನನ್ನ ತೊಡೆಯ ಮೇಲೆ ಕೈಯಿಟ್ಟು ನಕ್ಕರು, ಯಾರನ್ನೋ ಬೈದರು. ನಾನು ಎಲ್ಲ ಅರ್ಥವಾದವಳ ಹಾಗೆ ಹೂಂಗುಟ್ಟಿದೆ.

ಬಾಗಿಲಲ್ಲಿ ನಿಂತಿದ್ದ ಮಿಸ್ಟರ್ ಹಾನ್ ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಏನು ಹೇಳ್ತಿದ್ದಾರೆ?” ಎಂದು ಕೇಳಿದೆ.

ಅವರು ಕೈ ಆಡಿಸಿದರು. “ಏನಿಲ್ಲ. ಮನೆಯ ಮಾತು” ಎಂದರು. ಅನುವಾದ ಮಾಡಲಿಲ್ಲ. ನಾನು ಮತ್ತೆ ಕೇಳಲೂ ಇಲ್ಲ.

ಬೇಸಗೆ ಮುಗಿಯುವಾಗ ಹಲ್ಮೊನಿ ತೀರಿಕೊಂಡರು. ಕೊರಿಯನ್ ಚರ್ಚಿನ ಹಾಲಿನಲ್ಲಿ ಜನ ತುಂಬಿದ್ದರು, ಹೆಚ್ಚಿನವರು ವಯಸ್ಸಾದವರು. ರೋಷನ್ ರಜೆ ಹಾಕಿ ನನ್ನ ಜೊತೆ ಬಂದಿದ್ದ. ಅನಿಕಾಳೂ ಬಂದಳು, ಯಾರೂ ಕರೆಯದೆ. ಮೆಲ್ಬರ್ನಿನಿಂದ ಹೆಲೆನ್ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಮಿನ್‌ಜಿ ಅಜ್ಜಿಯ ಬಗ್ಗೆ ಎರಡು ಮಾತಾಡಲು ಎದ್ದಳು. ಕೊರಿಯನ್ ಕತೆಗಳನ್ನು ಅಷ್ಟು ಓದಿದವಳು ಹಿರಿಯರ ಎದುರು ನಿಂತು ಆ ಭಾಷೆಯಲ್ಲಿ ಮಾತಾಡಿದ್ದು ಕಡಿಮೆ. ಮೊದಲ ವಾಕ್ಯಕ್ಕೇ ತಡವರಿಸಿದಳು. ಮೂರ್ನಾಲ್ಕು ವಾಕ್ಯ ಆಗಿತ್ತೇನೋ, ಮುಂದಿನ ಸಾಲಿನಿಂದ ಮಿಸ್ಟರ್ ಹಾನ್ ಅವಳ ಒಂದು ಪದವನ್ನು ಗಟ್ಟಿಯಾಗಿ ತಿದ್ದಿ ಹೇಳಿದರು. ಹಾಲಿನಲ್ಲಿದ್ದ ಮುದುಕಿಯರು ಮೆಲ್ಲಗೆ ನಕ್ಕರು.

ಮಿನ್‌ಜಿ ಅಪ್ಪನನ್ನು ನೋಡಿದಳು. ಅವರು ಅದೇ ಪದವನ್ನು ಇನ್ನೊಮ್ಮೆ, ನಿಧಾನವಾಗಿ, ಬಿಡಿಸಿ ಹೇಳಿದರು. ಅವಳು ಹಾಗೆಯೇ ತಿದ್ದಿ ಹೇಳಿ, ಮೂಗೊರೆಸಿಕೊಂಡು, ಮಾತು ಮುಂದುವರಿಸಿದಳು.